ಏಳು ಸಹಿ, ಒಂದು ಸ್ಟೂಲು

ಜೂನ್ ಮಳೆಯಲ್ಲಿ ಮಕ್ಕಳ ಯೂನಿಫಾರಂ ಕೊಳ್ಳಲು ಮೂಡಿಗೆರೆ ಪೇಟೆಗೆ ಬಂದವರಿಗೆ ಬಟ್ಟೆ ಅಂಗಡಿಯಲ್ಲಿ ಕುರ್ಚಿ ಸಿಗುತ್ತದೆ. ಎದುರಿಗೆ ಬಟ್ಟೆ ಬಿಚ್ಚಿ ತೋರಿಸುವ ಹುಡುಗಿಗೆ?

ಸುತ್ತಲ ಕಾಫಿ ತೋಟಗಳ ಕಾರ್ಮಿಕರಿಗೆ 1951ರಲ್ಲೇ ಪ್ರತ್ಯೇಕ ಕಾಯಿದೆ ಬಂತು. ನೂರಾರು ಜನ ಒಂದೆಡೆ ದುಡಿದು, ಒಂದೇ ಲೈನಿನಲ್ಲಿ ಬಾಳುವವರಿಗೆ ಸಂಘ ಕಟ್ಟುವುದೂ ಅಷ್ಟು ಕಷ್ಟವಲ್ಲ. ಅಂಗಡಿ ಕೆಲಸದವರ ಪಾಡು ಬೇರೆ. ಸಂಘದ ನೋಂದಣಿಗೆ 1926ರ ಕಾಯಿದೆ ಕೇಳಿದ್ದು ಕನಿಷ್ಠ ಏಳು ಸಹಿ. ಮೂವರಿರುವ ಅಂಗಡಿಯಲ್ಲಿ ಏಳು ಜನ ಎಲ್ಲಿಂದ ಬರಬೇಕು?

ಎಲ್ಲರೂ ಒಂದೇ ಅಂಗಡಿಯವರಾಗಿರಬೇಕೆಂದು ಕಾನೂನು ಹೇಳಿರಲಿಲ್ಲವಲ್ಲ! ಘಟ್ಟದಾಚೆ, ಕೇರಳದ ಕಲ್ಲಿಕೋಟೆಯ ಮಿಠಾಯಿ ಬೀದಿಯ ಹೆಂಗಸರು ಅಂಗಡಿ ಅಂಗಡಿ ಸುತ್ತಿ ಜನ ಕೂಡಿಸಿದರು. ಹೊಲಿಗೆ ಕೆಲಸದ ಪಿ. ವಿಜಿ 2009ರಲ್ಲಿ ‘ಪೆಣ್‌ಕೂಟ್ಟು’ ಬಳಗ ಕಟ್ಟಿದಾಗ ಮೊದಲ ಬೇಡಿಕೆ ಶೌಚಾಲಯ. ಅದಿಲ್ಲದ್ದಕ್ಕೆ ಅವರು ದಿನವಿಡೀ ನೀರನ್ನೇ ಕುಡಿಯುತ್ತಿರಲಿಲ್ಲ. ಆ ಬಳಗದಿಂದಲೇ ಮುಂದೆ ಅಸಂಘಟಿತ ಕಾರ್ಮಿಕರ ಯೂನಿಯನ್ ಹುಟ್ಟಿತು. ಗಿರಾಕಿ ಇಲ್ಲದಾಗಲಾದರೂ ಕೂರಲು ಬಿಡಿ ಎಂಬುದು ಅವರ ಮುಂದಿನ ಹೋರಾಟ. ಕೇಳಿದ್ದು ಒಂದು ಸ್ಟೂಲು. ಸಿಗಲು ಹಿಡಿದದ್ದು ವರ್ಷಗಳು.

ಕರ್ನಾಟಕದ ಅಂಗಡಿ ಕಾಯಿದೆ 1961ರಲ್ಲಿ ಬಂದಾಗ ವಾರದ ದುಡಿಮೆಗೆ 48 ಗಂಟೆಯ ಮಿತಿ ಹಾಕಿ, ವಾರದ ರಜೆ ಕೊಟ್ಟಿತ್ತು. ಕೇರಳ 2018ರಲ್ಲಿ ತನ್ನ ಕಾಯಿದೆಗೆ ಕೂರುವ ಹಕ್ಕನ್ನೂ ಸೇರಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು.