ಒಲೆ ಕಾರ್ಖಾನೆಯೊಳಗೆ 1 ಲಕ್ಷ ಚಿಪ್

ಎಐ ಡೇಟಾ ಸೆಂಟರ್ ಕಟ್ಟೋರಿಗೆ ಈಗ ದೊಡ್ಡ ತಲೆನೋವು ಯಾವುದು ಗೊತ್ತಾ? ಕರೆಂಟು!

ಅಮೆರಿಕದ ಮೆಂಫಿಸ್ ನೋಡಿ. ಎಲೆಕ್ಟ್ರೋಲಕ್ಸ್ ಕಂಪನಿ ಅಡುಗೆ ಒಲೆ ತಯಾರಿಸ್ತಿದ್ದ ಕಾರ್ಖಾನೆ ಅಲ್ಲಿ ಮುಚ್ಚಿಹೋಗಿತ್ತು. 2024ರಲ್ಲಿ ಎಲಾನ್ ಮಸ್ಕ್ ಅವರ ಎಕ್ಸ್‌ಎಐ ಅದರೊಳಗೆ ಕೊಲೋಸಸ್ ಅನ್ನೋ ಸೂಪರ್‌ಕಂಪ್ಯೂಟರ್ ನಿಲ್ಲಿಸಿತು. ಮೊದಲ ಹಂತದಲ್ಲೇ 1 ಲಕ್ಷ ಎನ್‌ವಿಡಿಯಾ ಚಿಪ್. ಎಕ್ಸ್‌ಎಐ ಹೇಳೋ ಪ್ರಕಾರ ಇದನ್ನ ಕಟ್ಟೋಕೆ ಹಿಡಿದದ್ದು 122 ದಿನ. ನಮ್ಮ ಕಡೆ ಅಷ್ಟರಲ್ಲಿ ಒಂದು ಮನೆಗೆ ಪ್ಲಾನ್ ಸ್ಯಾಂಕ್ಷನ್ ಆದ್ರೆ ಪುಣ್ಯ.

ಈಗ ಒಂದೇ ಒಂದು ರ್‍ಯಾಕ್ ನೋಡೋಣ. ಆಳೆತ್ತರದ ಬೀರು ಇದ್ದ ಹಾಗಿದೆ. ಒಳಗೆ 64 ಚಿಪ್. ಒಂದೊಂದೂ 700 ವಾಟ್‌ವರೆಗೆ ಎಳೆಯುತ್ತೆ. ಅಲ್ಲಿಗೆ ಈ ರ್‍ಯಾಕ್‌ನ ಚಿಪ್‌ಗಳಿಗೇ ಸುಮಾರು 45 ಕಿಲೋವಾಟ್! ಆ ಕರೆಂಟೆಲ್ಲ ಕೊನೆಗೆ ಶಾಖವಾಗಿ ಹೊರಬರುತ್ತೆ. ಬರೀ ಫ್ಯಾನ್ ಗಾಳಿ ಎಲ್ಲಿ ಸಾಕಾಗುತ್ತೆ? ಅದಕ್ಕೇ ಪ್ರತಿ ಚಿಪ್ ಮೇಲೂ ಲೋಹದ ತಟ್ಟೆ ಕೂರಿಸಿ, ಅದರೊಳಗೆ ತಣ್ಣನೆ ದ್ರವ ಹರಿಸ್ತಾರೆ. ತಣ್ಣಗೆ ಒಳಗೆ ಹೋಗಿದ್ದು ಬಿಸಿಯಾಗಿ ಹೊರಗೆ ಬರುತ್ತೆ.

1 ಲಕ್ಷ ಚಿಪ್‌ಗೆ ಲೆಕ್ಕ ಹಾಕಿ: 70 ಮೆಗಾವಾಟ್. ಪಂಪು, ಕೂಲಿಂಗು, ನೆಟ್‌ವರ್ಕು ಬೇರೆ. ಗ್ರಿಡ್‌ನಿಂದ ಅಷ್ಟು ಕರೆಂಟು ತಕ್ಷಣ ಸಿಗಲಿಲ್ಲ. ಅದಕ್ಕೇ ಹೊರಗಡೆ ಗ್ಯಾಸ್ ಉರಿಸಿ ಕರೆಂಟು ಮಾಡೋ ಟರ್ಬೈನ್‌ಗಳು ಸಾಲುಸಾಲಾಗಿ ಬಂದು ನಿಂತವು.

ಹತ್ತಿರದಲ್ಲೇ ಬಾಕ್ಸ್‌ಟೌನ್, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಕಟ್ಟಿಕೊಂಡ ಬಡಾವಣೆ. ಟರ್ಬೈನ್ ಹೊಗೆಯಿಂದ ನಮ್ಮ ಗಾಳಿ ಕೆಡಿಸಬೇಡಿ ಅಂತ ಅಲ್ಲಿನವರು ಬೀದಿಗಿಳಿದರು. 2025ರ ಜುಲೈನಲ್ಲಿ 15 ಟರ್ಬೈನ್‌ಗೆ ಪರ್ಮಿಟ್ ಸಿಕ್ಕಿತು. ಟರ್ಬೈನ್‌ಗಳು ಓಡೋಕೆ ಶುರುವಾಗಿ ಆಗಲೇ ಎಷ್ಟೋ ತಿಂಗಳಾಗಿತ್ತು.

ಎರಡನೇ ಕೊಲೋಸಸ್ಸೂ ಮೆಂಫಿಸ್‌ನಲ್ಲೇ. ಅದರ ಟರ್ಬೈನ್‌ಗಳು ಮಾತ್ರ ಗಡಿಯಾಚೆ, ಮಿಸಿಸಿಪ್ಪಿಯ ಸೌತ್‌ಹೇವನ್‌ನಲ್ಲಿ. ಬೇರೆ ರಾಜ್ಯ, ಬೇರೆ ಪರ್ಮಿಟ್ ಆಫೀಸು.