ಬೆಳಕಿಗೆ ಕಾಯುವ ಕಲೆ

ಬೇಲೂರು ದೇಗುಲದ ಮದನಿಕೆಯರನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಸುಲಭವಲ್ಲ. ಅವರು ಸೂರಿನ ಕೆಳಗೆ ಮುಂದಕ್ಕೆ ಬಾಗಿ ನಿಂತವರು. ನಡುಹಗಲಲ್ಲಿ ಸೂರಿನ ನೆರಳು ಮುಖವನ್ನೇ ನುಂಗುತ್ತದೆ. ಓರೆಬಿಸಿಲು ಬಿದ್ದಾಗ ಬಳಪದ ಕಲ್ಲಿನ ಸರ, ಕಡಗ, ಮುಂಗುರುಳು ಒಂದೊಂದಾಗಿ ಎದ್ದುಬರುತ್ತವೆ. ಆ ಹೊತ್ತಿಗೆ ಕಾಯುವುದು, ಎಲ್ಲಿ ನಿಲ್ಲಬೇಕು, ಚೌಕಟ್ಟಿನಿಂದ ಏನನ್ನು ಬಿಡಬೇಕು ಎಂದು ನಿರ್ಧರಿಸುವುದು, ಇದೇ ಸ್ಥಿರಚಿತ್ರ ಕಲೆ. ಹಾಸನ ಸೀಮೆಗೆ ಇದು ಹೊಸದಲ್ಲ. ಛಾಯಾಗ್ರಹಣ 1839ರಲ್ಲಿ ಜಗತ್ತಿಗೆ ಪ್ರಕಟವಾಯಿತು. 1854ರ ಡಿಸೆಂಬರಿನಲ್ಲೇ ಲಿನಿಯಸ್ ಟ್ರೈಪ್ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದ. ರಿಚರ್ಡ್ ಬ್ಯಾನರ್ ಓಕ್ಲಿ ತೆಗೆದ ಹಳೇಬೀಡಿನ 56 ಚಿತ್ರಗಳ ಸಂಪುಟ 1859ರಲ್ಲಿ ಲಂಡನ್ನಿನಲ್ಲಿ ಹೊರಬಂತು. ದೇಗುಲದ ಇಂದಿನ ಗೋಡೆಯನ್ನು ಅಂದಿನದರೊಡನೆ ಹೋಲಿಸಿ ನೋಡಲು ನಮಗೆ ಸಾಧ್ಯವಾಗಿರುವುದು ಆ ಚಿತ್ರಗಳಿಂದ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ, ವಿಡಿಯೊ ಎಲ್ಲವನ್ನೂ ತೋರಿಸುವಾಗ ಸ್ಥಿರಚಿತ್ರ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆಯುವಾಗ ಹಾಲು, ಅರಿಶಿನ ಗೊಮ್ಮಟನ ಮೈಮೇಲೆ ಹರಿದು ಕ್ಷಣದಲ್ಲಿ ಮಾಯವಾಗುತ್ತವೆ. ವಿಡಿಯೊ ಆ ಹರಿವನ್ನು ತೋರಿಸಿ ಮುಂದೆ ಸಾಗುತ್ತದೆ. ಸ್ಥಿರಚಿತ್ರ ನೋಡುವವನನ್ನು ಅಲ್ಲೇ ನಿಲ್ಲಿಸುತ್ತದೆ. ಶೆಟ್ಟಿಹಳ್ಳಿಯ ಹಳೆಯ ಚರ್ಚ್ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುತ್ತದೆ. ಅದರ ಚಿತ್ರಗಳಿಗೆ ಲೆಕ್ಕವಿಲ್ಲ, ಬಹುಪಾಲು ಒಂದೇ ಕೋನದವು. ವರ್ಷ ವರ್ಷವೂ ಗೋಡೆ ಸವೆಯುವುದನ್ನು ಒಬ್ಬರೇ ಹಟಹಿಡಿದು ದಾಖಲಿಸಿದರೆ ಅದರ ಬೆಲೆಯೇ ಬೇರೆ. ಚಿತ್ರಗಳ ಕೊರತೆ ನಮಗಿಲ್ಲ, ಕೊರತೆಯಿರುವುದು ನೋಟಕ್ಕೆ.

ಕೃತಕ ಬುದ್ಧಿಮತ್ತೆ ಬೇಕಾದ ಚಿತ್ರವನ್ನು ಕ್ಷಣದಲ್ಲಿ ಕಟ್ಟಿಕೊಡುತ್ತದೆ ಎಂಬ ಆತಂಕ ಇನ್ನೂ ದೊಡ್ಡದು. ಆದರೆ ಅದು ಕಟ್ಟಿದ ದೃಶ್ಯ ಎಷ್ಟೇ ಚೆನ್ನಾಗಿದ್ದರೂ ಸಾಕ್ಷಿಯಾಗದು. ದೊಡ್ಡಗದ್ದವಳ್ಳಿಯ ಕಾಳಿಯ ವಿಗ್ರಹ 2020ರಲ್ಲಿ ಒಡೆದಾಗ, ಅದು ಹೇಗಿತ್ತು ಎಂದು ಖಚಿತವಾಗಿ ಹೇಳಬಲ್ಲದ್ದು ಅದರ ಎದುರು ನಿಂತು ತೆಗೆದ ಚಿತ್ರ ಮಾತ್ರ. ಹಾಗಾಗಿ ಈ ಕಲೆಯ ಭವಿಷ್ಯ ಕ್ಯಾಮೆರಾದಲ್ಲಿಲ್ಲ, ಚಿತ್ರವನ್ನು ಕಾಪಾಡುವವರಲ್ಲಿದೆ. ಹೊಳೆನರಸೀಪುರ, ಅರಕಲಗೂಡುಗಳಂಥ ಊರುಗಳಲ್ಲಿ ಹಳೆಯ ಸ್ಟುಡಿಯೊ ಮುಚ್ಚಿದಾಗ ನೆಗೆಟಿವ್‌ಗಳು ಕಸದ ಪಾಲಾದರೆ, ಅವುಗಳೊಡನೆ ಆ ಊರಿನ ಮದುವೆ, ಜಾತ್ರೆ, ಮುಖಗಳೂ ಹೋದಂತೆ. ಮನೆಯ ಆಲ್ಬಂ ತೆರೆಯಿರಿ. ನೆನಪಿರುವ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿ ಚಿತ್ರದ ಹಿಂದೆ ಪೆನ್ಸಿಲ್‌ನಲ್ಲಿ ಹೆಸರು, ಊರು, ವರ್ಷ ಬರೆಯಿರಿ.