ತುಕ್ಕು ಎಲ್ಲಿಂದ ಹೊರಟಿತು?

ಕಾರಿನ ಬಾಗಿಲು ತೆರೆದು ಅದರ ಕೆಳ ಅಂಚಿನ ಒಳಬದಿಗೆ ಬೆರಳು ಹಾಯಿಸಿದರೆ ಒಂದು ಮಡಿಕೆ ಸಿಗುತ್ತದೆ. ಬಟ್ಟೆಯ ಅಂಚನ್ನು ಮಡಚಿ ಹೊಲಿಯುವ ಹಾಗೆ ಹೊರಗಿನ ತಗಡನ್ನು ಒಳಗಿನ ತಗಡಿನ ಮೇಲೆ ಮಡಚಿ ಒತ್ತಿರುತ್ತಾರೆ. ಅದರ ಪಕ್ಕದಲ್ಲೇ ಎರಡು ಮೂರು ಸಣ್ಣ ತೂತುಗಳಿರುತ್ತವೆ. ಕಿಟಕಿ ಗಾಜಿನ ರಬ್ಬರ್ ದಾಟಿ ಬಾಗಿಲೊಳಗೆ ಇಳಿದ ಮಳೆನೀರು ಹೊರಗೆ ಹೋಗಬೇಕಾದದ್ದು ಇಲ್ಲಿಂದಲೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಕಾರಿನ ಮೈ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಬಹುಮಟ್ಟಿಗೆ ಈ ತೂತುಗಳೇ ತೀರ್ಮಾನಿಸುತ್ತವೆ. ತುಕ್ಕಿನ ವಾರಂಟಿ ಕೇಳಿಕೊಂಡು ಕಂಪನಿಯ ಬಾಗಿಲಿಗೆ ಹೋದಾಗ ಚರ್ಚೆ ಬಂದು ನಿಲ್ಲುವುದೂ ಇಲ್ಲೇ.

ಕಬ್ಬಿಣ ತುಕ್ಕಾಗಲು ನೀರೂ ಬೇಕು, ಆಮ್ಲಜನಕವೂ ಬೇಕು. ನೀರೆಂದರೆ ಸುರಿಯುವ ಮಳೆಯೇ ಆಗಬೇಕೆಂದಿಲ್ಲ. ಗಾಳಿಯ ತೇವಾಂಶ ಶೇ 60 ದಾಟಿದರೆ ಉಕ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕೂರುತ್ತದೆ, ತುಕ್ಕಿಗೆ ಅಷ್ಟು ಸಾಕು. ಮಳೆಗಾಲ ಪೂರ್ತಿ ಇಲ್ಲಿಯ ಗಾಳಿ ಆ ಗಡಿಯ ಕೆಳಗೆ ಬರುವುದೇ ಅಪರೂಪ. ಆ ಪೊರೆಯಲ್ಲಿ ಒಂದು ಜಾಗದ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತದೆ, ಪಕ್ಕದ ಜಾಗದಲ್ಲಿ ಆಮ್ಲಜನಕ ಆ ಎಲೆಕ್ಟ್ರಾನನ್ನು ಹಿಡಿದುಕೊಳ್ಳುತ್ತದೆ. ಅಂದರೆ ಪ್ರತಿಯೊಂದು ತುಕ್ಕಿನ ಕಲೆಯೂ ಒಂದು ಪುಟ್ಟ ಬ್ಯಾಟರಿ. ಹುಟ್ಟಿದ ತುಕ್ಕು ಕರಗಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಬಣ್ಣ ಗುಳ್ಳೆ ಏಳುತ್ತದೆ.

ಕಾರ್ಖಾನೆಯವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಒಳ್ಳೆಯ ಕಾರುಗಳಲ್ಲಿ ತಗಡಿಗೆ ಮೊದಲೇ ಸತುವಿನ ಲೇಪ ಇರುತ್ತದೆ. ಗೀರು ಬಿದ್ದರೂ ಸತುವು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಆಮೇಲೆ ಫಾಸ್ಫೇಟ್ ಸ್ನಾನ. ಅದಾದ ಮೇಲೆ ಇಡೀ ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ಋಣಧ್ರುವವಾದ ಬಾಡಿಯ ಮೂಲೆಮೂಲೆಗೂ ಬಣ್ಣದ ಕಣ ತಾನಾಗಿ ಹೋಗಿ ಅಂಟುತ್ತದೆ, ಸುಮಾರು 20 ಮೈಕ್ರಾನ್ ದಪ್ಪಕ್ಕೆ. ಆದರೆ ಮಡಿಕೆಯ ಒಳಗೆ ಅದು ಸರಿಯಾಗಿ ನುಗ್ಗುವುದಿಲ್ಲ, ಅದಕ್ಕೇ ಅಲ್ಲಿ ಅಂಟು ತುಂಬಿ ಮುಚ್ಚುತ್ತಾರೆ. ಆ ಅಂಟು ಒಂದು ಕಡೆ ಬಿಟ್ಟುಹೋಗಿದ್ದರೆ ಮಡಿಕೆ ನೀರು ಹೀರಿ ಕೂರುತ್ತದೆ. ತೂತು ಕೆಮ್ಮಣ್ಣಿನಿಂದಲೋ ದರಗಿನಿಂದಲೋ ಕಟ್ಟಿದ್ದರೆ ಇನ್ನೂ ಕಷ್ಟ. ಗಾಳಿ ಹೆಚ್ಚು ಆಡುವ ಕಡೆ ತುಕ್ಕು ಹೆಚ್ಚು ಎಂದುಕೊಳ್ಳುವವರೇ ಬಹಳ, ಆಗುವುದು ತಿರುಗಾಮುರುಗ. ಮಣ್ಣು ಮೆತ್ತಿ ಆಮ್ಲಜನಕ ಕಡಿಮೆಯಾದ ಜಾಗವೇ ಕರಗುವ ಧ್ರುವವಾಗುತ್ತದೆ. ಕಣ್ಣಿಗೆ ಕಾಣದ ಕಡೆಯೇ ತಗಡು ಬೇಗ ತಿಂದುಹೋಗುವುದು ಇದರಿಂದ.

ಇದೇ ಘಟ್ಟಸಾಲಿನ ಕೊಡಚಾದ್ರಿಯಲ್ಲಿ, ಮೂಲ ಮೂಕಾಂಬಿಕೆಯ ಗುಡಿಯ ಮುಂದೆ, ಹಳೆಯ ಕಬ್ಬಿಣದ ಕಂಬವೊಂದು ಮಳೆಯಲ್ಲೇ ನಿಂತಿದೆ. ಅದನ್ನು ತೋರಿಸಿ ‘ಹಿಂದಿನ ಕಬ್ಬಿಣವೇ ಕಬ್ಬಿಣ’ ಎನ್ನುವವರಿದ್ದಾರೆ. ಆ ಲೋಹದ ಗುಣ ದೊಡ್ಡದೇ, ಒಪ್ಪೋಣ. ಆದರೆ ಕಂಬಕ್ಕೆ ಮಡಿಕೆ ಇಲ್ಲ, ಸಂದು ಇಲ್ಲ, ಬಿದ್ದ ನೀರು ಜಾರಿಹೋಗುತ್ತದೆ. ಕಾರಿನ ತಗಡೋ, ಒಂದು ಮಿಲಿಮೀಟರ್ ಕೂಡ ದಪ್ಪವಿಲ್ಲ.

ನಮ್ಮ ಕಡೆಯ ಕಾರುಗಳಿಗೆ ಮಳೆಗಿಂತ ಕೆಟ್ಟ ಶತ್ರು ಡಿಕ್ಕಿಯಲ್ಲಿ ಕೂತು ಬರುತ್ತದೆ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ಕಾಲ ಬಂತೆಂದರೆ ಪೇಟೆಯಿಂದ ಮೈಲುತುತ್ತದ ಚೀಲ ತರುವುದು ಮನೆಯ ಕಾರಿನಲ್ಲೇ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಗೆ ಬಳಕೆಗೆ ತಂದ ಬೋರ್ಡೋ ದ್ರಾವಣ ಇಂದಿಗೂ ಅದೇ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ದ್ರಾವಣ ಹದಕ್ಕೆ ಬಂದಿದೆಯೇ ಎಂದು ನೋಡಲು ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಬಂದರೆ ಸುಣ್ಣ ಸಾಲದು. ಆ ಕೆಂಪು ತುಕ್ಕಲ್ಲ, ಅಪ್ಪಟ ತಾಮ್ರ. ದ್ರಾವಣದಲ್ಲಿದ್ದ ತಾಮ್ರ ಅಲಗಿನ ಮೇಲೆ ಕೂತಿತು, ಅದರ ಬದಲಿಗೆ ಅಷ್ಟೇ ಲೆಕ್ಕದ ಕಬ್ಬಿಣ ನೀರಿಗೆ ಇಳಿಯಿತು. ಇದೇ ಪರೀಕ್ಷೆ ಡಿಕ್ಕಿಯ ಮೂಲೆಯಲ್ಲಿ, ಮ್ಯಾಟಿನ ಕೆಳಗೆ, ಯಾರೂ ನೋಡದಂತೆ ನಡೆಯುತ್ತಿರುತ್ತದೆ. ಚೀಲದಿಂದ ಉದುರಿದ ನೀಲಿ ಪುಡಿಗೆ ಸುಣ್ಣದ ಜೊತೆ ಸಿಕ್ಕಿರುವುದಿಲ್ಲ. ತೇವ ತಗುಲಿದರೆ ಸಾಕು, ಗೀರು ಬಿದ್ದ ಕಡೆ ತಾಮ್ರ ಕೂರುತ್ತದೆ. ಕೂತ ತಾಮ್ರ ಪಕ್ಕದ ಕಬ್ಬಿಣವನ್ನು ಆಮೇಲೂ ಕರಗಿಸುತ್ತಲೇ ಇರುತ್ತದೆ. ಪೊಟ್ಯಾಷ್ ಗೊಬ್ಬರದ್ದು ಇನ್ನೊಂದು ತರಲೆ. ಅದು ಪೊಟ್ಯಾಸಿಯಂ ಕ್ಲೋರೈಡ್. ಸಮುದ್ರದ ಉಪ್ಪಿನಂತೆಯೇ ಕ್ಲೋರೈಡ್ ಬಿಡುತ್ತದೆ. ಅಪ್ಪೆಮಿಡಿಯ ಉಪ್ಪುನೀರು ಡಿಕ್ಕಿಯಲ್ಲಿ ಚೆಲ್ಲಿದರಂತೂ ಕುಮಟೆಯ ಕಡಲತೀರವನ್ನೇ ಮನೆಗೆ ತಂದ ಹಾಗೆ.

ವಾರಂಟಿ ಪುಸ್ತಕದಲ್ಲಿ ‘ರಾಸಾಯನಿಕಗಳಿಂದಾದ ಹಾನಿ ಹೊರತುಪಡಿಸಿ’ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಡಿಕ್ಕಿಯಲ್ಲಿ ನೀಲಿ ಪುಡಿ ಕಂಡರೆ ಸರ್ವಿಸ್ ಅಡ್ವೈಸರ್ ಮುಂದೆ ಮಾತೇ ಆಡುವುದಿಲ್ಲ.

ತುಕ್ಕಿನ ವಾರಂಟಿ ಎಂದರೆ ಎಲ್ಲ ತುಕ್ಕಿಗೂ ಅಲ್ಲ. ಒಳಗಿನಿಂದ ಶುರುವಾಗಿ ತಗಡು ತೂತಾದರೆ ಮಾತ್ರ ಎಂದು ಹೆಚ್ಚಿನವು ಹೇಳುತ್ತವೆ. ಯುರೋಪಿನಲ್ಲಿ ಕೆಲವು ಕಂಪನಿಗಳು 12 ವರ್ಷದವರೆಗೆ ಇಂಥ ಭರವಸೆ ಕೊಡುತ್ತವೆ. ನಮ್ಮಲ್ಲಿ ಅವಧಿ ಕಂಪನಿಯಿಂದ ಕಂಪನಿಗೆ ಬೇರೆ, ಪ್ರತ್ಯೇಕ ತುಕ್ಕಿನ ವಾರಂಟಿಯೇ ಇಲ್ಲದ ಕಾರುಗಳೂ ಇವೆ. ಕಲ್ಲು ಸಿಡಿದು ಬಣ್ಣ ಹಾರಿದ ಕಡೆಯ ತುಕ್ಕನ್ನು ಗುರುತಿಸುವುದು ಸುಲಭ: ನಡುವೆ ಗಾಯ, ಸುತ್ತ ಹರಡಿದ ಕಂದು, ತಗಡಿನ ಹಿಂಬದಿಯಲ್ಲಿ ಬಣ್ಣ ಗಟ್ಟಿ. ಒಳಗಿನಿಂದ ಬಂದದ್ದು ಬೇರೆ ತರಹ. ಗಾಯವೇ ಇಲ್ಲದೆ ಬಣ್ಣ ಉಬ್ಬುತ್ತದೆ, ಉಗುರಿನಲ್ಲಿ ಒತ್ತಿದರೆ ಕುಸಿಯುತ್ತದೆ, ಹಿಂದೆ ತಗಡು ಪದರು ಪದರಾಗಿ ಏಳುತ್ತದೆ. ಈ ವ್ಯತ್ಯಾಸ ತೋರುವ ಫೋಟೋಗಳನ್ನು ತಾರೀಖು ಸಹಿತ ತೆಗೆದಿಟ್ಟುಕೊಂಡವನ ಮಾತಿಗೆ ತೂಕ ಬರುತ್ತದೆ.

ಇನ್ನು ಲೋಕಲ್ ಗ್ಯಾರೇಜಿನ ತಕರಾರು. ಕೆಲವು ಕಂಪನಿಗಳ ಅಧಿಕೃತ ಸರ್ವಿಸ್ ಬೇಕೆಂದರೆ ಶಿರಸಿಯಿಂದ ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿಗೇ ಹೋಗಬೇಕು. ಆಯಿಲ್ ಬದಲಿಸಲು ಅಷ್ಟು ದೂರ ಯಾರು ಹೋಗುತ್ತಾರೆ? ಊರಿನ ಮೆಕ್ಯಾನಿಕ್ಕೇ ಮಾಡಿಕೊಡುತ್ತಾನೆ. ಆಮೇಲೆ ತುಕ್ಕಿನ ವಿಷಯ ಎತ್ತಿದರೆ ‘ಹೊರಗೆ ಸರ್ವಿಸ್ ಮಾಡ್ಸಿದ್ದೀರಲ್ಲ ಸರ್, ವಾರಂಟಿ ಹೋಯ್ತು’ ಎಂಬ ಉತ್ತರ. ಆಯಿಲ್ ಫಿಲ್ಟರಿಗೂ ಬಾಗಿಲಿನ ಮಡಿಕೆಗೂ ರಸಾಯನಶಾಸ್ತ್ರದಲ್ಲಿ ಯಾವ ನಂಟೂ ಇಲ್ಲ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿದ ಆದೇಶದಲ್ಲಿ ಇದನ್ನೇ ಹೇಳಿತು: ಹೊರಗಿನವರಿಂದ ರಿಪೇರಿ ಮಾಡಿಸಿದ ಮಾತ್ರಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಮಾಡುವಂತಿಲ್ಲ, ಆ ರಿಪೇರಿ ಕೆಟ್ಟದ್ದಾಗಿ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ. ಅಮೆರಿಕದಲ್ಲಿ ಇಂಥದೇ ಕಾನೂನು 1975ರಿಂದ ಇದೆ. ನಮ್ಮ ಆದೇಶದ ವಿರುದ್ಧ ಕಂಪನಿಗಳು ಮೇಲ್ಮನವಿ ಹೋಗಿ ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು, ಹಾಗಾಗಿ ಅದನ್ನು ಬ್ರಹ್ಮಾಸ್ತ್ರ ಎಂದುಕೊಳ್ಳುವುದು ಬೇಡ. ಅದರ ತರ್ಕ ಮಾತ್ರ ಪತ್ರ ಬರೆಯುವಾಗ ಉಪಯೋಗಕ್ಕೆ ಬರುತ್ತದೆ.

ಆದರೆ ಟಿಂಕರಿಂಗ್ ಮಾಡಿಸಿದ್ದರೆ ಕತೆ ಬೇರೆ. ಅಲ್ಲಿ ಕಂಪನಿಯವರ ಮಾತಿನಲ್ಲೂ ನ್ಯಾಯವಿದೆ. ಬಡಿದು, ಸುಟ್ಟು, ಪುಟ್ಟಿ ಮೆತ್ತಿದ ಕಡೆ ಕಾರ್ಖಾನೆಯ ಯಾವ ಲೇಪವೂ ಉಳಿದಿರುವುದಿಲ್ಲ. ಬಚ್ಚಿಡಲೂ ಆಗುವುದಿಲ್ಲ: ಅಂಗೈಯಲ್ಲಿ ಹಿಡಿಯುವ ಮಾಪಕವೊಂದನ್ನು ತಗಡಿಗೆ ಮುಟ್ಟಿಸಿದರೆ ಬಣ್ಣದ ದಪ್ಪ ತೋರಿಸುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಪುಟ್ಟಿ ಇದ್ದಲ್ಲಿ ಅಂಕಿ ಎಷ್ಟೋ ಪಟ್ಟು ಏರುತ್ತದೆ. ಮಳೆಗಾಲಕ್ಕೆ ಮೊದಲು ಅಡಿಗೆ ಹೊಡೆಸುವ ಕೋಟಿಂಗೂ ಎಡವಟ್ಟಾಗುವುದುಂಟು. ಅವಸರದಲ್ಲಿ ನೀರಿನ ತೂತುಗಳ ಮೇಲೂ ಬಳಿದುಬಿಟ್ಟರೆ ಬಾಗಿಲೊಳಗೆ ನೀರು ನಿಂತು ಕೊಳೆಯುತ್ತದೆ. ಆ ತುಕ್ಕಿಗೆ ಕಂಪನಿ ಹೊಣೆಯಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಹೆಚ್ಚಿನವರು ಸೋಲುವುದು ಕಾಗದದಲ್ಲಿ. ಕೆಲವು ತುಕ್ಕಿನ ವಾರಂಟಿಗಳು ಆಗಾಗ ಬಾಡಿ ತಪಾಸಣೆ ಮಾಡಿಸಿ ದಾಖಲಿಸಬೇಕೆಂದು ಕೇಳುತ್ತವೆ. ಊರಿನ ಗ್ಯಾರೇಜಿನಲ್ಲಿ ಬಿಲ್ಲನ್ನೇ ಕೇಳದವರು ಇದನ್ನು ಎಲ್ಲಿಂದ ತಂದಾರು? ಸರ್ವಿಸ್ ಬಿಲ್ಲಿನಲ್ಲಿ ಕಿಲೋಮೀಟರ್, ತಾರೀಖು, ಹಾಕಿದ ಆಯಿಲಿನ ಹೆಸರು, ಜೊತೆಗೆ ‘ಬಾಡಿ ನೋಡಿದೆ, ಬಾಗಿಲಿನ ತೂತು ಚೊಕ್ಕ ಮಾಡಿದೆ’ ಎಂಬ ಒಂದು ಸಾಲನ್ನೂ ಬರೆಸಿಕೊಳ್ಳಿ. ಅಧಿಕೃತ ಸೆಂಟರಿಗೆ ವರ್ಷಕ್ಕೊಮ್ಮೆ ಬಾಡಿ ತಪಾಸಣೆಗೆ ಮಾತ್ರ ಹೋಗಿಬಂದರೆ ಇನ್ನೂ ಗಟ್ಟಿ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲೇ ಕೇಳಿ, ಬಾಯಿಮಾತಿನ ‘ಆಗಲ್ಲ’ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. ಅಲ್ಲಿ ಬಗೆಹರಿಯದಿದ್ದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾರನ್ನು ಎಲ್ಲೇ ಕೊಂಡಿರಲಿ, ನೀವು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅವಧಿ 2 ವರ್ಷ. ತುಕ್ಕು ಒಳಗಿನದೋ ಹೊರಗಿನದೋ ಎಂಬುದು ಮಾತಿನಲ್ಲಿ ತೀರದಿದ್ದರೆ ಪ್ರಯೋಗಾಲಯದ ಪರೀಕ್ಷೆಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಕಾರಿಗೆ ಕೊಟ್ಟ ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಶುಲ್ಕ 200 ರೂಪಾಯಿ. ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿಬರುವ ಪೆಟ್ರೋಲಿಗೆ ಅದರ ಎಷ್ಟೋ ಪಟ್ಟು ಆದೀತು. ಅದಕ್ಕೇ ದೂರನ್ನು ಆನ್‌ಲೈನ್‌ನಲ್ಲೇ ಸಲ್ಲಿಸುವುದು ವಾಸಿ.